ಮಂಗನ ಕಾಯಿಲೆಯೂ ನಮ್ಮ ಗಡಿ ತಾಲ್ಲೂಕುಗಳೂ

ಅಮೆರಿಕದಲ್ಲಿರುವ ಬ್ಲಾಗಿಗ ಗೆಳೆಯರೊಬ್ಬರು ಹೋದ ತಿಂಗಳು ಮಿಂಚಂಚೆ ಕಳಿಸಿದ್ದರು. ಅವರ ಮನೆ ಹಿತ್ತಲಲ್ಲಿ ಜಿಂಕೆ ಬರುತ್ತವಂತೆ, ಜಿಂಕೆಯ ಜೊತೆ ಉಣ್ಣಿ ಬರುತ್ತವಂತೆ, ಉಣ್ಣಿ ಕಚ್ಚಿದರೆ ಲೈಮ್ ಅನ್ನೋ ಕಾಯಿಲೆ ಬರುತ್ತದಂತೆ. "ನಿಮ್ಮ ಹಾನಗಲ್ ಕಡೆ ಇಂಥದ್ದೇನಾದರೂ ಇದೆಯಾ?" ಅಂತ ಕೇಳಿದ್ದರು. ಎರಡು ಸಾಲಿನ ಉತ್ತರ ಬರೆಯಲು ಕೂತೆ, ಮುಗಿಯಲಿಲ್ಲ. ಹಾಗಾಗಿ ಇಲ್ಲೇ ಬರೆಯುತ್ತಿದ್ದೇನೆ. ಕೊಂಚ ಉದ್ದವಾಗಿದೆ, ಸಹಿಸಿಕೊಳ್ಳಿ.

ಇದೆ. ಆದರೆ ನಮ್ಮದು ಬೇರೆ ಉಣ್ಣಿ, ಬೇರೆ ರೋಗ. ಹೆಸರು ಎಲ್ಲರಿಗೂ ಗೊತ್ತಿರುವಂಥದ್ದೇ: ಮಂಗನ ಕಾಯಿಲೆ. ವೈದ್ಯರ ಪುಸ್ತಕದಲ್ಲಿ ಕ್ಯಾಸನೂರು ಕಾಡಿನ ರೋಗ, ಚಿಕ್ಕದಾಗಿ ಕೆಎಫ್‌ಡಿ. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಅಚ್ಚಾಗಿರುವ ಈ ಕ್ಯಾಸನೂರು ಎಲ್ಲಿದೆ ಅಂದರೆ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ. ಸೊರಬ ಅಂದರೆ ನಮಗೆ ದೂರದ ಊರಲ್ಲ. ಹಾನಗಲ್ ತಾಲ್ಲೂಕಿನ ದಕ್ಷಿಣದ ಹೊಲ ಮುಗಿದಲ್ಲಿ ಸೊರಬದ ಹೊಲ ಶುರು. ಹಿರೇಕೆರೂರಿನವರಿಗೆ ಶಿಕಾರಿಪುರ ಪಕ್ಕದ ಮನೆ ಇದ್ದ ಹಾಗೆ. ಆನವಟ್ಟಿ ಸಂತೆಗೆ ಹೋಗಿ ಬರುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ!

ನೀರಿನ ಲೆಕ್ಕದಲ್ಲಿ ನೋಡಿದರೆ ಇನ್ನೂ ಹತ್ತಿರ. ವರದಾ ನದಿ ಹುಟ್ಟುವುದು ಸಾಗರದ ಹತ್ತಿರದ ವರದಾಮೂಲದಲ್ಲಿ. ಅಲ್ಲಿಂದ ಬನವಾಸಿಯನ್ನು ಬಳಸಿ, ಹಾನಗಲ್ ಸೀಮೆಗೆ ಬಂದು, ಸವಣೂರಿನ ಕಡೆ ಹಾದು ಗಳಗನಾಥದಲ್ಲಿ ತುಂಗಭದ್ರೆ ಸೇರುತ್ತದೆ. ಹಿರೇಕೆರೂರಿನ ಮದಗ ಮಾಸೂರು ಕೆರೆಗೆ ನೀರು ತರುವ ಕುಮುದ್ವತಿಯೂ ಶಿಕಾರಿಪುರದ ಕಡೆಯಿಂದಲೇ ಬರುವುದು. ಮಂಗನ ಕಾಯಿಲೆಯ ನಕಾಶೆಯಲ್ಲಿ ಮೊದಲು ಬರುವ ಮೂರು ಹೆಸರು ಸೊರಬ, ಸಾಗರ, ಶಿಕಾರಿಪುರ. ನಾವು ಕುಡಿಯುವ ನೀರು ಬರುವ ಕಾಡು ಅದು.

(ನೀರಿನಿಂದ ಈ ರೋಗ ಬರುವುದಿಲ್ಲ, ಗಾಬರಿ ಬೇಡ! ಎಷ್ಟು ಹತ್ತಿರ ಅಂತ ಹೇಳಲು ಬರೆದೆ ಅಷ್ಟೇ.)

ಗಡಿ ಅಳಿಸಿದ ಮರುವರ್ಷ

ಈಗ ಇತಿಹಾಸಕ್ಕೆ ಬರೋಣ. ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು, ಈ ನಾಲ್ಕೂ ಈಗ ಹಾವೇರಿ ಜಿಲ್ಲೆ. ಅದು 1997ರಿಂದ ಈಚೆಗೆ. ಅದಕ್ಕೂ ಮೊದಲು ಧಾರವಾಡ ಜಿಲ್ಲೆ. ಇನ್ನೂ ಹಿಂದೆ ಹೋದರೆ ಹಾನಗಲ್ಲು, ಹಿರೇಕೆರೂರು ಮುಂಬಯಿ ಪ್ರಾಂತ್ಯದ ಕಟ್ಟಕಡೆಯ ಊರುಗಳು. ಸವಣೂರಿನಲ್ಲಂತೂ 1948ರವರೆಗೆ ನವಾಬರ ಸಂಸ್ಥಾನವೇ ಇತ್ತು. ಆಚೆಗಿನ ಸೊರಬ, ಶಿಕಾರಿಪುರ ಮೈಸೂರು ಸಂಸ್ಥಾನದ್ದು. ಅಂದರೆ ಹಾನಗಲ್-ಸೊರಬದ ನಡುವಿನ ಗೆರೆ ಬರೀ ತಾಲ್ಲೂಕಿನ ಗೆರೆ ಅಲ್ಲ, ಎರಡು ರಾಜ್ಯಗಳ ಗೆರೆ. ಬೇರೆ ಸರ್ಕಾರ, ಬೇರೆ ಆರೋಗ್ಯ ಇಲಾಖೆ, ಬೇರೆ ದಫ್ತರ.

1956ರ ನವೆಂಬರ್ 1ಕ್ಕೆ ಆ ಗೆರೆ ಹೋಯಿತು. ವಿಶಾಲ ಮೈಸೂರು ರಾಜ್ಯವಾಯಿತು. ಅದಾಗಿ ನಾಲ್ಕೈದು ತಿಂಗಳಿಗೆ, 1957ರ ಬೇಸಿಗೆ ಶುರುವಾಗುವ ಹೊತ್ತಿಗೆ, ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಮುಸುವಗಳೂ (ನಮ್ಮ ಕಡೆ ಮುಸ್ಯಾ ಅಂತೇವಲ್ಲ, ಕಪ್ಪು ಮೋರೆ ಉದ್ದ ಬಾಲದ್ದು), ಕೆಂಪು ಮೋರೆಯ ಸಾದಾ ಮಂಗಗಳೂ ಮರದಿಂದ ಬಿದ್ದು ಸಾಯುತ್ತಿದ್ದವು. ಅದೇ ಹೊತ್ತಿಗೆ ಕಾಡಿಗೆ ಸೌದೆ ಸೊಪ್ಪು ಅಂತ ಹೋಗಿ ಬಂದವರು ಜ್ವರ ಹಿಡಿದು ಮಲಗತೊಡಗಿದರು. ಮೊದಲು ವಿಷಮಶೀತ ಜ್ವರ ಅಂದುಕೊಂಡರು. ಮಂಗನ ಸಾವಿಗೂ ಮನುಷ್ಯರ ಜ್ವರಕ್ಕೂ ಗಂಟು ಹಾಕಿದ್ದು ಯಾವ ಪ್ರಯೋಗಾಲಯವೂ ಅಲ್ಲ, ಊರಿನವರು. "ಮಂಗನ ಕಾಯಿಲೆ" ಅನ್ನೋ ಹೆಸರೇ ಅದಕ್ಕೆ ಸಾಕ್ಷಿ. ರೋಗ ಪತ್ತೆಯ ಮೊದಲ ಹೆಜ್ಜೆ ಇಟ್ಟವರು ಅವರೇ ಅಂತ ನಾನು ನಂಬಿದ್ದೇನೆ.

ಮಂಗ ಸಾಯುತ್ತಿವೆ, ಜೊತೆಗೆ ಜನರಿಗೆ ಜ್ವರ ಅಂದ ಕೂಡಲೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರ ಕಿವಿ ನಿಮಿರಿತು. ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1952ರಲ್ಲಿ ಕಟ್ಟಿದ ಸಂಸ್ಥೆ ಅದು (1978ರಿಂದ ರಾಷ್ಟ್ರೀಯ ವೈರಾಣು ಸಂಸ್ಥೆ). ಅವರಿಗಿದ್ದ ಹೆದರಿಕೆ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡಿನಲ್ಲಿ ಹಳದಿ ಜ್ವರ ಬಂದರೆ ಮೊದಲು ಸಾಯುವುದು ಮಂಗಗಳೇ. ಏಷ್ಯಾ ಖಂಡಕ್ಕೆ ಆ ರೋಗ ಯಾವತ್ತೂ ಕಾಲಿಟ್ಟಿರಲಿಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ಇಲ್ಲಿ ಬೇಕಾದಷ್ಟು. ಒಂದು ವೇಳೆ ಬಂದೇ ಬಿಟ್ಟಿದ್ದರೆ? ಡಾ. ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಭಾರತೀಯ ಸಹೋದ್ಯೋಗಿಗಳು ಸೊರಬದ ಕಾಡಿಗೆ ಬಂದರು. ಸತ್ತ ಮಂಗಗಳ ಅಂಗಾಂಶ, ರೋಗಿಗಳ ರಕ್ತ ಪುಣೆಗೆ ಹೋಯಿತು.

ಆಗ ಪಿಸಿಆರ್ ಇಲ್ಲ, ಎಲೈಸಾ ಇಲ್ಲ. ಎಳೆಯ ಬಿಳಿ ಇಲಿಮರಿಗಳ ಮಿದುಳಿಗೆ ಮಾದರಿಯನ್ನು ಚುಚ್ಚಿ, ಮರಿ ಸಾಯುತ್ತದೋ ಇಲ್ಲವೋ ಅಂತ ಕಾಯಬೇಕು. ಸತ್ತರೆ ಅದರ ಮಿದುಳಿನಿಂದ ವೈರಸ್ ತೆಗೆದು, ಗೊತ್ತಿರುವ ರೋಗಗಳ ಸೀರಮ್ ಜೊತೆ ಒಂದೊಂದಾಗಿ ಹೋಲಿಸಬೇಕು. ಹೀಗೆ ಮಾಡಿದಾಗ ವೈರಸ್ ಸಿಕ್ಕಿತು. ಹಳದಿ ಜ್ವರ ಅಲ್ಲ ಅಂತಲೂ ಗೊತ್ತಾಯಿತು. ಆದರೆ ಹೊಂದಿಕೆಯಾದದ್ದು ಯಾರೂ ನೆನೆಸದ ಒಂದರ ಜೊತೆ: ರಷ್ಯಾದ ಕಾಡುಗಳಲ್ಲಿ ಉಣ್ಣಿಯಿಂದ ಬರುವ ಮಿದುಳು ಜ್ವರದ ವೈರಸ್ ಕುಟುಂಬ! ಸೈಬೀರಿಯಾ ಎಲ್ಲಿ, ಸೊರಬ ಎಲ್ಲಿ?

ಆ ಮೊದಲ ವರ್ಷ, 1957ರಲ್ಲಿ, 466 ಮಂದಿಗೆ ರೋಗ ಬಂದದ್ದು ದಾಖಲಾಯಿತು. ಮರುವರ್ಷ 181.

ಹಕ್ಕಿಯ ಮೇಲೆ ಅನುಮಾನ

ಸೈಬೀರಿಯಾದ ನಂಟು ಅಂದ ಮೇಲೆ ಅನುಮಾನ ಹೋದದ್ದು ವಲಸೆ ಹಕ್ಕಿಗಳ ಮೇಲೆ. ಉತ್ತರದಿಂದ ಹಾರಿ ಬರುವ ಹಕ್ಕಿಗಳ ಮೈಮೇಲೆ ಉಣ್ಣಿ ಬಂದಿರಬಹುದೇ? ಇದನ್ನು ನೋಡಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಹಕ್ಕಿಗಳಿಗೆ ಬಳೆ ತೊಡಿಸುವ ದೊಡ್ಡ ಅಧ್ಯಯನ ನಡೆಯಿತು. ಮೊದಲು ವಿಶ್ವ ಆರೋಗ್ಯ ಸಂಸ್ಥೆಯ ಹಣ, ಆಮೇಲೆ ಅಮೆರಿಕದ ಸೈನ್ಯದ ಹಣ. ಸೈನ್ಯದ ಹಣ ಅಂದ ಮೇಲೆ ಸುಮ್ಮನಿರುತ್ತಾರೆಯೇ? 1970ರ ದಶಕದಲ್ಲಿ ಸಂಸತ್ತಿನವರೆಗೂ ಹೋಯಿತು, ಜೈವಿಕ ಯುದ್ಧದ ಮಾತೂ ಬಂತು. ನಮ್ಮ ಮಲೆನಾಡಿನ ಕೆಲವು ಹಿರಿಯರು ಇವತ್ತಿಗೂ "ಅದು ಅಮೆರಿಕದವರು ಬಿಟ್ಟದ್ದು" ಅನ್ನುವುದರ ಬೇರು ಅಲ್ಲಿದೆ.

ಆದರೆ ಹಕ್ಕಿ ಈ ರೋಗವನ್ನು ಇಲ್ಲಿಗೆ ತಂದಿತು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ. ಕಛ್ ಮತ್ತು ಸೌರಾಷ್ಟ್ರದ ಜನರ ರಕ್ತದಲ್ಲಿ ಈ ವೈರಸ್‌ಗೆ ಅಥವಾ ಇದರ ಸಂಬಂಧಿಗೆ ಹೊಂದುವ ಪ್ರತಿಕಾಯಗಳು ಕಂಡಿದ್ದವು. 1990ರ ದಶಕದಲ್ಲಿ ಸೌದಿ ಅರೇಬಿಯಾದಲ್ಲಿ ಇದರ ತೀರಾ ಹತ್ತಿರದ ದಾಯಾದಿ ಅಲ್‌ಖುರ್ಮಾ ವೈರಸ್ ಸಿಕ್ಕಿತು. ಅಂದರೆ ಈ ಕುಟುಂಬ ಕ್ಯಾಸನೂರೊಂದಕ್ಕೇ ಸೇರಿದ್ದಲ್ಲ.

ಹಾಗಾದರೆ 1957ರಲ್ಲಿ ಏನಾಯಿತು? ಹಳದಿ ಜ್ವರದ ಮೇಲೆ ಕೆಲಸ ಮಾಡಿ ಹೆಸರಾಗಿದ್ದ ಕೊಲಂಬಿಯಾದ ವಿಜ್ಞಾನಿ ಜಾರ್ಜ್ ಬೊಶೆಲ್ ಇಲ್ಲಿನ ಕಾಡಿನಲ್ಲಿ ಕೆಲಸ ಮಾಡಿ 1969ರಲ್ಲಿ ಒಂದು ವಿವರಣೆ ಕೊಟ್ಟರು. ಸರಳವಾಗಿ ಹೇಳುವುದಾದರೆ ಹೀಗೆ: ವೈರಸ್ ಕಾಡಿನ ಸಣ್ಣ ಪ್ರಾಣಿಗಳು ಮತ್ತು ಉಣ್ಣಿಗಳ ನಡುವೆ ಸದ್ದಿಲ್ಲದೆ ಇದ್ದಿರಬೇಕು. ಜನ ಹೆಚ್ಚಾದರು, ಕಾಡು ಕಡಿದು ಗದ್ದೆ ಮಾಡಿದರು, ದನಗಳನ್ನು ಕಾಡಿಗೆ ಮೇಯಲು ಬಿಟ್ಟರು. ಬೆಳೆದ ಉಣ್ಣಿಗೆ ದನದ ರಕ್ತ ಅಂದರೆ ಹಬ್ಬದೂಟ. ಉಣ್ಣಿಗಳು ಲೆಕ್ಕವಿಲ್ಲದಷ್ಟಾದವು. ಅವು ಮಂಗನ ಮೈಗೂ ಮನುಷ್ಯನ ಮೈಗೂ ಹತ್ತಿದವು. ಗಮನಿಸಿ, ದನಕ್ಕೆ ಈ ರೋಗ ಬರುವುದಿಲ್ಲ. ಅದು ಉಣ್ಣಿಯನ್ನು ಸಾಕುತ್ತದೆ ಅಷ್ಟೇ.

ಬೊಶೆಲ್ ಹೇಳಿದ್ದಕ್ಕೆ ಹೊಂದುವಂಥದ್ದೇ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ನಡೆಯಿತು. ನಿಡ್ಲೆ, ಪಟ್ರಮೆ ಕಡೆ ಗೇರು ತೋಟ ಮಾಡಲು ಕಾಡು ಸವರಿದರು. ಮಂಗಗಳು ಸತ್ತವು, ಹಿಂದೆಯೇ ಕೂಲಿಯವರು ಮಲಗಿದರು. ಈ ರೋಗದ ಚರಿತ್ರೆಯಲ್ಲೇ ಅತಿ ದೊಡ್ಡ ಹಾವಳಿಗಳಲ್ಲಿ ಅದೊಂದು.

ಉಣ್ಣಿಯ ಪಂಚಾಂಗ

ಈ ಉಣ್ಣಿಯ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಹೆಸರು ಮರೆತರೂ ಪರವಾಗಿಲ್ಲ, ಅದರ ಪಂಚಾಂಗ ಮರೆಯಬಾರದು. ಮಳೆಗಾಲದಲ್ಲಿ ಬೆಳೆದ ಉಣ್ಣಿ ದನದಂಥ ದೊಡ್ಡ ಪ್ರಾಣಿಯ ರಕ್ತ ಕುಡಿದು ಕೆಳಗೆ ಬಿದ್ದು ಮೊಟ್ಟೆ ಇಡುತ್ತದೆ. ಮಳೆ ನಿಂತ ಮೇಲೆ ಆರು ಕಾಲಿನ ಮರಿ ಹೊರಬರುತ್ತದೆ. ಅದು ಇಲಿ, ಹಕ್ಕಿ, ಮಂಗ ಹೀಗೆ ಸಿಕ್ಕಿದ್ದಕ್ಕೆ ಹತ್ತಿ ರಕ್ತ ಕುಡಿದು ಬಿದ್ದು, ಪೊರೆ ಬಿಟ್ಟು ಎಂಟು ಕಾಲಿನ ಎಳೆ ಉಣ್ಣಿ ಆಗುತ್ತದೆ. ಸಾಸಿವೆ ಕಾಳಿಗಿಂತ ಸಣ್ಣದು, ತರಗೆಲೆಯ ನಡುವೆ ಕಣ್ಣಿಗೇ ಬೀಳುವುದಿಲ್ಲ. ಮನುಷ್ಯನಿಗೆ ಕಚ್ಚಿ ರೋಗ ಕೊಡುವುದು ಮುಖ್ಯವಾಗಿ ಈ ಎಳೆ ಉಣ್ಣಿ. ಡಿಸೆಂಬರ್‌ನಿಂದ ಮೇ ತನಕ ಇದರ ಕಾಲ. ಮುಂಗಾರು ಬಿದ್ದರೆ ರೋಗವೂ ತಗ್ಗುತ್ತದೆ.

ಮಂಗನ ಪಾತ್ರ ಏನು? ರೋಗ ಹತ್ತಿದ ಮಂಗನ ರಕ್ತದಲ್ಲಿ ವೈರಸ್ ಹೇರಳ. ಅದರ ಮೈಮೇಲಿನ ನೂರಾರು ಮರಿ ಉಣ್ಣಿಗಳಿಗೆ ವೈರಸ್ ಸೇರುತ್ತದೆ. ಮಂಗ ಸತ್ತು ಮೈ ತಣ್ಣಗಾದರೆ ಉಣ್ಣಿಗಳೆಲ್ಲ ಇಳಿದು ಸುತ್ತಲ ತರಗೆಲೆಗೆ ಸೇರುತ್ತವೆ. ಮಂಗ ಬಿದ್ದ ಜಾಗವೇ ರೋಗದ ಗೂಡು. ಮಂಗ ನಮಗೆ ನೇರವಾಗಿ ರೋಗ ಕೊಡುವುದಿಲ್ಲ, ನಮ್ಮಂತೆಯೇ ಅದೂ ರೋಗಕ್ಕೆ ತುತ್ತಾದದ್ದು. ಮನುಷ್ಯನಿಂದ ಮನುಷ್ಯನಿಗೂ ಹರಡುವುದಿಲ್ಲ. ರೋಗಿಯನ್ನು ದೂರ ಇಡುವುದು, ಊರಿನಿಂದ ಬಂದವರ ಜೊತೆ ಕೂರದಿರುವುದು, ಇವೆಲ್ಲ ಬೇಕಿಲ್ಲದ ಕೆಲಸ.

ಮೈಯೊಳಗೆ ಏನಾಗುತ್ತದೆ

ಉಣ್ಣಿಯ ಜೊಲ್ಲಿನ ಜೊತೆ ವೈರಸ್ ಚರ್ಮಕ್ಕೆ ಇಳಿಯುತ್ತದೆ. ಕಚ್ಚಿದ್ದು ಎಷ್ಟೋ ಮಂದಿಗೆ ಗೊತ್ತೇ ಆಗುವುದಿಲ್ಲ. 3ರಿಂದ 8 ದಿನ ಏನೂ ಇಲ್ಲ. ಆಮೇಲೆ ಒಮ್ಮೆಲೇ ಚಳಿ, ಜ್ವರ, ಹಣೆ ಒಡೆಯುವಂಥ ತಲೆನೋವು. ಜ್ವರ 104 ಡಿಗ್ರಿಗೆ ಏರುತ್ತದೆ. ಕುತ್ತಿಗೆ, ಸೊಂಟ, ಮೀನಖಂಡ ಹಿಂಡಿದ ಹಾಗೆ ನೋವು. ಕಣ್ಣು ಕೆಂಪಾಗುತ್ತದೆ. ಬಾಯಿ ತೆರೆಸಿ ನೋಡಿದರೆ ಅಂಗಳದ ಹಿಂಭಾಗದಲ್ಲಿ ಸಣ್ಣ ನೀರುಗುಳ್ಳೆ ಕಾಣಬಹುದು. ಅಷ್ಟು ಜ್ವರವಿದ್ದರೂ ನಾಡಿ ನಿಧಾನ, ರಕ್ತದೊತ್ತಡ ಕಡಿಮೆ. ವಾಂತಿ, ಭೇದಿ. ಕೆಲವರಿಗೆ ಮೂಗು, ಒಸಡು, ಕರುಳಿನಿಂದ ರಕ್ತ. ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿದಿರುತ್ತವೆ, ಯಕೃತ್ತಿನ ಕಿಣ್ವಗಳು ಏರಿರುತ್ತವೆ.

ಒಂದೆರಡು ವಾರಕ್ಕೆ ಜ್ವರ ಬಿಡುತ್ತದೆ. ಬಹಳ ಮಂದಿಗೆ ಅಲ್ಲಿಗೇ ಮುಗಿಯಿತು, ಮೈಗೆ ಮೊದಲಿನ ಕಸುವು ಬರಲು ಮಾತ್ರ ಇನ್ನೂ ಕೆಲವು ವಾರ ಬೇಕು. ಆದರೆ ನೂರಕ್ಕೆ 10-20 ಮಂದಿಗೆ ಒಂದು ಮೋಸವಿದೆ. ಜ್ವರ ಬಿಟ್ಟು ಒಂದೆರಡು ವಾರ ಆರಾಮಾಗಿದ್ದು, ಮತ್ತೆ ಜ್ವರ. ಈ ಸಲ ಕುತ್ತಿಗೆ ಬಿಗಿಯುತ್ತದೆ, ಕೈ ನಡುಗುತ್ತದೆ, ತಲೆ ತಿರುಗುತ್ತದೆ, ಮಾತು ತಪ್ಪುತ್ತದೆ. ಮಿದುಳಿನ ಸುತ್ತ ಬಾವು ಬಂದದ್ದರ ಗುರುತು ಅದು. ಎಚ್. ಇ. ವೆಬ್ ಮತ್ತು ಲಕ್ಷ್ಮಣ ರಾವ್ ಎಂಬ ವೈದ್ಯರು 1961ರಲ್ಲೇ ಈ ನರಗಳ ತೊಂದರೆಯನ್ನು ಬರೆದಿಟ್ಟಿದ್ದಾರೆ. ರಷ್ಯಾದ ದಾಯಾದಿಯ ಗುಣ ಇಲ್ಲಿ ಕಾಣಿಸಿಕೊಂಡಿತು ನೋಡಿ. ಒಟ್ಟಿನಲ್ಲಿ ರೋಗ ಬಂದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ ಅನ್ನುವುದು ಸಾಮಾನ್ಯ ಲೆಕ್ಕ.

ಇದಕ್ಕೇ ಅಂತ ಔಷಧಿ ಇಲ್ಲ. ನೀರಿನಂಶ ಕಾಪಾಡುವುದು, ಪ್ಯಾರಾಸಿಟಮಾಲ್, ರಕ್ತಸ್ರಾವದ ಮೇಲೆ ಕಣ್ಣು, ಬೇಕಾದರೆ ರಕ್ತ ಅಥವಾ ಪ್ಲೇಟ್‌ಲೆಟ್. ನೋವಿಗೆ ಅಂತ ಅಂಗಡಿಯಿಂದ ಆಸ್ಪಿರಿನ್ ಥರದ ಗುಳಿಗೆ ತಂದು ನುಂಗುವುದು ಅಪಾಯ, ರಕ್ತ ಹೋಗುವುದು ಹೆಚ್ಚಾಗುತ್ತದೆ. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದವರು ಉಳಿಯುತ್ತಾರೆ. ಹಾಗಾಗಿ ಪತ್ತೆ ಮಾಡುವುದೇ ಅರ್ಧ ಚಿಕಿತ್ಸೆ.

ಲೈಮ್ ಜೊತೆ ಹೋಲಿಕೆ

ಗೆಳೆಯರ ಪ್ರಶ್ನೆಗೆ ಇಲ್ಲಿ ಉತ್ತರ. ಲೈಮ್ ಕಾಯಿಲೆಗೂ ಒಂದು ಊರಿನ ಹೆಸರೇ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಲೈಮ್. 1975ರಲ್ಲಿ ಅಲ್ಲಿ ಪಾಲಿ ಮರ್ರೆ ಎಂಬ ತಾಯಿ, ನಮ್ಮ ಸುತ್ತಲಿನ ಇಷ್ಟೊಂದು ಮಕ್ಕಳಿಗೆ ಒಟ್ಟಿಗೇ ಮೊಣಕಾಲು ಊದುವುದು ಹೇಗೆ ಅಂತ ಪಟ್ಟು ಹಿಡಿದು ಆರೋಗ್ಯ ಇಲಾಖೆಯನ್ನು ಕೇಳಿದರು. ಯೇಲ್‌ನ ಅಲೆನ್ ಸ್ಟೀರ್ ಅದನ್ನು ಬೆನ್ನು ಹತ್ತಿದರು. ವಿಲ್ಲಿ ಬರ್ಗ್‌ಡಾರ್ಫರ್ 1981ರಲ್ಲಿ ಉಣ್ಣಿಯ ಹೊಟ್ಟೆಯಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡರು. ಅಲ್ಲೂ ಮೊದಲು ಗುರುತಿಸಿದ್ದು ಮನೆಯವರು, ಆಮೇಲೆ ವಿಜ್ಞಾನ. ಸೊರಬದ ಕಥೆಯೇ!

ವ್ಯತ್ಯಾಸ ಹೀಗಿದೆ. ಲೈಮ್ ಬ್ಯಾಕ್ಟೀರಿಯಾದ್ದು, ಡಾಕ್ಸಿಸೈಕ್ಲಿನ್‌ನಂಥ ಮಾತ್ರೆಗೆ ಬಗ್ಗುತ್ತದೆ. ನಮ್ಮದು ವೈರಸ್, ಯಾವ ಆಂಟಿಬಯೋಟಿಕ್‌ಗೂ ಜಗ್ಗದು. ಲೈಮ್‌ನಲ್ಲಿ ಕಚ್ಚಿದ ಜಾಗದಿಂದ ಕೆಂಪು ಕಲೆ ಉಂಗುರದಂತೆ ಅಗಲವಾಗುತ್ತಾ ಹೋಗುತ್ತದೆ, ಅದು ಕಂಡರೆ ವೈದ್ಯರು ಪರೀಕ್ಷೆಗೂ ಕಾಯದೆ ಔಷಧಿ ಕೊಡುತ್ತಾರೆ. ಬಿಟ್ಟರೆ ಮುಖದ ನರ, ಹೃದಯದ ಬಡಿತ, ತಿಂಗಳುಗಳ ನಂತರ ಮೊಣಕಾಲು ಹೀಗೆ ನಿಧಾನವಾಗಿ ಹಿಡಿಯುತ್ತದೆ. ಮಂಗನ ಕಾಯಿಲೆಗೆ ಅಂಥ ಉಂಗುರ ಇಲ್ಲ, ನಿಧಾನವೂ ಇಲ್ಲ. ವಾರದೊಳಗೆ ಮಲಗಿಸಿಬಿಡುತ್ತದೆ.

ಪತ್ತೆ ಹಚ್ಚುವುದು

ಇವತ್ತು ಇಲಿಮರಿಗಾಗಿ ಕಾಯಬೇಕಿಲ್ಲ. ಪುಣೆಯ ಸಂಸ್ಥೆ 2012ರ ಹೊತ್ತಿಗೆ ಇದಕ್ಕೆ ಪಿಸಿಆರ್ ಪರೀಕ್ಷೆ ಮತ್ತು ಐಜಿಎಂ ಎಲೈಸಾ ಎರಡನ್ನೂ ರೂಪಿಸಿತು. ಶಿವಮೊಗ್ಗದಲ್ಲಿ ವೈರಸ್ ಪತ್ತೆಯ ಪ್ರಯೋಗಾಲಯವಿದೆ. ಜ್ವರ ಬಂದ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ ತುಂಬಿರುತ್ತದೆ, ಆಗ ಪಿಸಿಆರ್ ಹಿಡಿಯುತ್ತದೆ. ನಾಲ್ಕೈದು ದಿನ ಕಳೆದ ಮೇಲೆ ಮೈ ತಯಾರಿಸುವ ಐಜಿಎಂ ಪ್ರತಿಕಾಯ ಎಲೈಸಾಗೆ ಸಿಗುತ್ತದೆ. ಯಾವ ದಿನದ ರಕ್ತ ಅನ್ನುವುದರ ಮೇಲೆ ಯಾವ ಪರೀಕ್ಷೆ ಅನ್ನುವುದು ನಿಂತಿದೆ. ಲೈಮ್‌ನಲ್ಲೂ ಇದೇ ಪಾಡು. ಮೊದಲ ವಾರಗಳಲ್ಲಿ ಪ್ರತಿಕಾಯ ಪರೀಕ್ಷೆ ಇಲ್ಲ ಅಂದರೂ ರೋಗ ಇರಬಹುದು. ಅದಕ್ಕೇ ಅಲ್ಲಿ ಎರಡು ಹಂತದ ಪರೀಕ್ಷೆ ಇಟ್ಟುಕೊಂಡಿದ್ದಾರೆ.

ಇನ್ನೊಂದು ತೊಡಕು. ಡೆಂಗಿ, ಇಲಿಜ್ವರ, ಸ್ಕ್ರಬ್ ಟೈಫಸ್ ಇವುಗಳಲ್ಲೂ ಜ್ವರ, ಮೈಕೈ ನೋವು, ಪ್ಲೇಟ್‌ಲೆಟ್ ಇಳಿತ. ಡೆಂಗಿಯೂ ಮಂಗನ ಕಾಯಿಲೆಯೂ ಒಂದೇ ಕುಲದ ವೈರಸ್‌ಗಳು, ಪ್ರತಿಕಾಯ ಪರೀಕ್ಷೆಯಲ್ಲಿ ಒಮ್ಮೊಮ್ಮೆ ಒಂದು ಇನ್ನೊಂದರ ವೇಷ ಹಾಕುತ್ತದೆ. ಇಲಿಜ್ವರ, ಸ್ಕ್ರಬ್ ಟೈಫಸ್ ಎರಡಕ್ಕೂ ಔಷಧಿ ಇದೆ, ಆದ್ದರಿಂದ ಅವನ್ನು ಬಿಡುವ ಹಾಗೂ ಇಲ್ಲ. ಹೀಗಿರುವಾಗ ಎಲ್ಲ ಪರೀಕ್ಷೆಗೂ ಮೊದಲ ಪರೀಕ್ಷೆ ಯಾವುದು ಗೊತ್ತಾ? ಒಂದು ಪ್ರಶ್ನೆ: "ಹೋದ ವಾರ ಎಲ್ಲಿಗೆ ಹೋಗಿದ್ದ್ಯೋ ಯಪ್ಪಾ?"

ಸವಣೂರಿನ ಚಾವಡಿಯಲ್ಲಿ ಮಲೆನಾಡಿನ ಜ್ವರ

ನಾನು ಇಷ್ಟೆಲ್ಲ ಬರೆದದ್ದು ಈ ಮಾತಿಗಾಗಿ. ಸವಣೂರಿನ ಎಲೆ ಬಳ್ಳಿ, ದೊಡ್ಡ ಹುಣಸೆ ಮರ (ಅಸಲು ಹುಣಸೆ ಅಲ್ಲ, ಆಫ್ರಿಕಾದ ಬಾವೊಬಾಬ್), ಶಿಗ್ಗಾಂವ ತಾಲ್ಲೂಕಿನ ಬಂಕಾಪುರದ ನವಿಲು, ಇದು ಬಯಲಿನ ಸೀಮೆ. ಇಲ್ಲಿ ಕ್ಯಾಸನೂರಿನಂಥ ಕಾಡಿಲ್ಲ. ಹಾನಗಲ್, ಹಿರೇಕೆರೂರಿನ ಪಶ್ಚಿಮ ಅಂಚು ಮಾತ್ರ ಅರೆ ಮಲೆನಾಡು. ಹಾಗಾಗಿ ಮಂಗನ ಕಾಯಿಲೆ ಅಂದರೆ "ಅದು ಘಟ್ಟದವರದ್ದು ಬಿಡ್ರಿ" ಅಂತ ನಾವು ಸುಮ್ಮನಾಗುತ್ತೇವೆ.

ಆದರೆ ಜನ ಸುಮ್ಮನೆ ಕೂರುವುದಿಲ್ಲವಲ್ಲ. ಬಯಲಲ್ಲಿ ಸುಗ್ಗಿ ಮುಗಿದ ಮೇಲೆ ಕೈಗೆ ಕೆಲಸವಿಲ್ಲ. ಅದೇ ಹೊತ್ತಿಗೆ ಶಿರಸಿ, ಸಿದ್ದಾಪುರ, ಸಾಗರದ ಕಡೆ ಅಡಿಕೆ ಕೊಯ್ಲು, ಸೊಪ್ಪು-ದರಕು ಒಟ್ಟುವ ಕೆಲಸ. ನಮ್ಮ ಓಣಿಯಿಂದಲೇ ಟೆಂಪೋ ಹತ್ತಿ ಹೋಗುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅಡಿಕೆಯ ತಿಂಗಳು ಮತ್ತು ಎಳೆ ಉಣ್ಣಿಯ ತಿಂಗಳು ಒಂದೇ ಅನ್ನುವುದನ್ನು ಪಂಚಾಂಗ ಇಟ್ಟು ನೋಡಿ. ಒಣ ತರಗೆಲೆ ಬಾಚಿ ತರುವುದು, ರಾಶಿ ಹಾಕುವುದು, ಇವೇ ಉಣ್ಣಿ ಹತ್ತುವ ಕೆಲಸಗಳು. ಕಚ್ಚಿದ್ದು ಅಲ್ಲಿ. 3ರಿಂದ 8 ದಿನದ ಮೇಲೆ ಜ್ವರ. ಅಷ್ಟರಲ್ಲಿ ಬಟವಡೆ ಪಡೆದು ಊರಿಗೆ ಬಂದಿರುತ್ತಾನೆ. ಜ್ವರ ಕಾಣಿಸುವುದು ಸವಣೂರಿನ, ಶಿಗ್ಗಾಂವದ ದವಾಖಾನೆಯಲ್ಲಿ. ಅಲ್ಲಿನ ವೈದ್ಯರಿಗೆ ಎದುರಿಗೆ ಕಾಣುವುದು ಬಯಲು ಸೀಮೆಯ ಒಬ್ಬ ರೋಗಿ. ಆತ ಎಲ್ಲಿಗೆ ಹೋಗಿದ್ದ ಅಂತ ಯಾರೂ ಕೇಳದಿದ್ದರೆ, ಆತನೂ ಹೇಳದಿದ್ದರೆ, "ವೈರಲ್ ಜ್ವರ" ಅಂತ ಚೀಟಿ ಬರೆದು ಮುಗಿಯಿತು.

1957ರ ಮೊದಲಿನ ಗಡಿ ಕಾಗದದ ಮೇಲಿತ್ತು, ಅದು ಹೋಯಿತು. "ಘಟ್ಟದ ರೋಗ, ಬಯಲಿನ ರೋಗ" ಅನ್ನೋ ಗಡಿ ನಮ್ಮ ತಲೆಯಲ್ಲಿ ಉಳಿದಿದೆ. ರೋಗಕ್ಕಂತೂ ಅದು ಗೊತ್ತಿಲ್ಲ. ಮೊದಲ ಹಲವು ದಶಕ ಶಿವಮೊಗ್ಗ, ಉತ್ತರ ಕನ್ನಡ, ದಕ್ಷಿಣ ಕನ್ನಡ, ಚಿಕ್ಕಮಗಳೂರಿನ ಸುತ್ತಲೇ ಇದ್ದದ್ದು 2012ರ ಕೊನೆಗೆ ಬಂಡೀಪುರದಲ್ಲಿ ಕಂಡಿತು. ಆಮೇಲೆ ನೀಲಗಿರಿ, ವಯನಾಡು, 2015ರಲ್ಲಿ ಗೋವಾದ ಸತ್ತರಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ. ಗೋವಾ-ಬೆಳಗಾವಿ ಗಡಿಯಲ್ಲಿ ಗೇರು ತೋಟಕ್ಕೆ ಕೂಲಿಗೆ ಹೋದವರಿಗೂ ಬಂದದ್ದು ವರದಿಯಾಗಿದೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾಲು ಸಾವುಗಳಾದವು. 2024ರಲ್ಲಿ ಸಿದ್ದಾಪುರದಲ್ಲಿ ಮತ್ತೆ ಹಾವಳಿ. ಸಿದ್ದಾಪುರ ಹಾನಗಲ್ಲಿನಿಂದ ಎಷ್ಟು ದೂರ ಹೇಳಿ?

ಲಸಿಕೆ ಇಲ್ಲವೇ ಅಂತ ಕೇಳಬಹುದು. ಇತ್ತು. ಮೊದಮೊದಲು ರಷ್ಯಾದ ರೋಗಕ್ಕೆಂದು ತಯಾರಾದ ಲಸಿಕೆಯನ್ನು ಪ್ರಯತ್ನಿಸಿ ನೋಡಿದರು, ಫಲ ಕೊಡಲಿಲ್ಲ. ಆಮೇಲೆ ಕೆಎಫ್‌ಡಿ ವೈರಸ್ಸನ್ನೇ ಕೋಳಿ ಭ್ರೂಣದ ಕೋಶದಲ್ಲಿ ಬೆಳೆಸಿ ಕೊಂದು ಮಾಡಿದ ಲಸಿಕೆ ಬಂತು. 1990ರ ದಶಕದ ಆರಂಭದಲ್ಲಿ ಮಲೆನಾಡಿನಲ್ಲೇ ಪರೀಕ್ಷೆಯಾಗಿ ಬಳಕೆಗೆ ಬಂತು. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿತ್ತು. 2005ರಿಂದ 2010ರ ಶಿವಮೊಗ್ಗ ಜಿಲ್ಲೆಯ ಲೆಕ್ಕ ನೋಡಿದ ಅಧ್ಯಯನವೊಂದು, ಎರಡು ಡೋಸ್ ಪಡೆದವರಲ್ಲಿ ಅದರ ಪರಿಣಾಮ ಶೇ 62.4, ಬೂಸ್ಟರ್ ಕೂಡ ಪಡೆದವರಲ್ಲಿ ಶೇ 82.9 ಅಂತ ಹೇಳಿತು. ಚುಚ್ಚಿದ ಜಾಗ ಬಹಳ ನೋಯುತ್ತದೆ ಅಂತ ಎರಡನೆಯ ಡೋಸಿಗೆ ಬಾರದವರು ಬಹಳ. ಕೊನೆಗೆ ಲಸಿಕೆಯ ಶಕ್ತಿ ಸಾಲದು ಅಂತ 2022ರಲ್ಲಿ ನಿಲ್ಲಿಸಿದರು. ಹೊಸ ಲಸಿಕೆಗೆ ಐಸಿಎಂಆರ್ ಕೈ ಹಾಕಿದೆ.

ಅಲ್ಲಿಯವರೆಗೆ ಹಳೆಯ ದಾರಿಯೇ. ಕಾಡಿಗೆ, ತೋಟಕ್ಕೆ ಹೋಗುವಾಗ ಮೈ ತುಂಬ ಬಟ್ಟೆ, ಕೈಕಾಲಿಗೆ ಉಣ್ಣಿ ಹತ್ತದ ಎಣ್ಣೆ (ಮೊದಲು ಡಿಎಂಪಿ ಕೊಡುತ್ತಿದ್ದರು, ಈಚೆಗೆ ಡೆಪಾ), ಬಂದ ಮೇಲೆ ಬಿಸಿನೀರಿನ ಸ್ನಾನ, ಹಾಕಿದ್ದ ಬಟ್ಟೆ ಬಿಸಿನೀರಿಗೆ. ಕೂಲಿಗೆ ಕರೆದೊಯ್ಯುವವರು ಎಣ್ಣೆ ಸಿಗುವ ಹಾಗೆ ಮಾಡಿದರೆ ದೊಡ್ಡ ಉಪಕಾರ.

ಇನ್ನೊಂದು ಮಾತು, ಸ್ವಲ್ಪ ನಾಜೂಕಿನದು. ನಮ್ಮ ಊರುಗಳಲ್ಲಿ ಮಂಗ ಸತ್ತರೆ ಹನುಮಪ್ಪ ಅಂತ ಹೂವು ಕುಂಕುಮ ಏರಿಸಿ, ಮೆರವಣಿಗೆ ಮಾಡಿ ಮಣ್ಣು ಕೊಡುತ್ತೇವೆ. ಕೆಲವು ಕಡೆ ಸಣ್ಣ ಗುಡಿಯನ್ನೂ ಕಟ್ಟುತ್ತಾರೆ. ಆ ಭಕ್ತಿಯ ಬಗ್ಗೆ ನನ್ನದೇನೂ ತಕರಾರಿಲ್ಲ, ನಾನೇ ಅಂಥ ಮೆರವಣಿಗೆಯಲ್ಲಿ ನಡೆದವನು. ಬಯಲಿನ ಊರಲ್ಲಿ ಹೆಚ್ಚಾಗಿ ಮಂಗ ಸಾಯುವುದು ಕರೆಂಟು ತಗುಲಿಯೋ ಗಾಡಿಗೆ ಸಿಕ್ಕೋ. ಆದರೆ ಡಿಸೆಂಬರ್‌ನಿಂದ ಮೇ ಒಳಗೆ, ಕಾಡಿನ ಅಂಚಿನ ಊರಿನಲ್ಲಿ, ಗಾಯವಿಲ್ಲದೆ ಮಂಗ ಸತ್ತು ಬಿದ್ದಿದ್ದರೆ ಹೊರಲು ಹೋಗಬೇಡಿ. ಮೊದಲು ಆರೋಗ್ಯ ಕೇಂದ್ರಕ್ಕೋ ಅರಣ್ಯದವರಿಗೋ ತಿಳಿಸಿ. ಅವರು ಬಂದು ಮಾದರಿ ತೆಗೆದು, ಸುತ್ತ ಪುಡಿ ಹೊಡೆದು, ದೇಹಕ್ಕೆ ಗತಿ ಕಾಣಿಸುತ್ತಾರೆ. ಕೈ ಮುಗಿಯುವುದನ್ನು ದೂರದಿಂದಲೂ ಮುಗಿಯಬಹುದು. ಸತ್ತ ಮಂಗ ನಮಗೆ ಕೊಡುವ ಎಚ್ಚರಿಕೆ ಕೇಳಿಸಿಕೊಂಡರೆ ಅದಕ್ಕಿಂತ ದೊಡ್ಡ ಪೂಜೆ ಇಲ್ಲ.

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ. 1957ರ ಆ ಬೇಸಿಗೆಯನ್ನು ಸೊರಬದ ಕಡೆಯಿಂದ ಬರೆದವರಿದ್ದಾರೆ. ಗೆರೆಯ ಈಚೆ, ತಿಳವಳ್ಳಿ, ಚಿಕ್ಕೇರೂರು, ಮಾಸೂರಿನ ಕಡೆಯಿಂದ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಆಗ ಹತ್ತು-ಹನ್ನೆರಡು ವರ್ಷದವರಾಗಿದ್ದವರಿಗೆ ಈಗ ಎಂಬತ್ತರ ಹತ್ತಿರ. ನಿಮ್ಮ ಮನೆಯಲ್ಲಿ ಅಂಥ ಅಜ್ಜ ಅಜ್ಜಿ ಇದ್ದರೆ ಈ ಸಲ ಊರಿಗೆ ಹೋದಾಗ ಕೇಳಿ. ಆ ವರ್ಷ ಮಂಗ ಸತ್ತದ್ದು ನೆನಪಿದೆಯಾ, ಕಾಡಿಗೆ ಹೋಗಬೇಡಿ ಅಂತ ಡಂಗುರ ಸಾರಿದ್ದರಾ, ಯಾರಾದರೂ ಮಲಗಿದ್ದರಾ? ಸಿಕ್ಕಿದ್ದನ್ನು ನಿಮ್ಮ ಬ್ಲಾಗಿನಲ್ಲಿ ಬರೆಯಿರಿ, ಇಲ್ಲಿ ಒಂದು ಸಾಲು ತಿಳಿಸಿ, ನಾನು ಬಂದು ಓದುತ್ತೇನೆ. ಮತ್ತೆ, ಫೆಬ್ರವರಿಯಲ್ಲಿ ಊರಿನಿಂದ ಯಾರಾದರೂ ಫೋನ್ ಮಾಡಿ ಜ್ವರ ಅಂದರೆ, ಮಾತ್ರೆಯ ಹೆಸರು ಕೇಳುವ ಮೊದಲು, ಎಲ್ಲಿಗೆ ಹೋಗಿದ್ರಿ ಅಂತ ಕೇಳಿ.